ಆರನೇ ತರಗತಿಗೆ ಸೀಟು

ಮೇದಿನಿ ಎಂಥ ದೊಡ್ಡ ಲೆಕ್ಕವನ್ನೂ ಬಾಯಲ್ಲೇ ಬಿಡಿಸುತ್ತಿದ್ದಳು. ಬರೆಯಲು ಕೂತರೆ ಮಾತ್ರ ಅಕ್ಷರಗಳು ಅದಲುಬದಲಾಗುತ್ತಿದ್ದವು. ಆರನೇ ತರಗತಿಗೆ ಸೀಟು ಕೇಳಲು ಅಮ್ಮ ಅವಳನ್ನು ಊರಿನ ಹೆಸರಾಂತ ಶಾಲೆಗೆ ಕರೆದೊಯ್ದಳು.

"ಬರೆಯೋಕೇ ಬರಲ್ವಲ್ಲಮ್ಮ, ನಮ್ಮಲ್ಲಿ ಕಷ್ಟ," ಎಂದರು ಹೆಡ್‌ಮಿಸ್.

ಅಮ್ಮ, ಮಗಳು ಕಲಿಕೆಯ ತೊಂದರೆ ಇರುವ ಮಕ್ಕಳ ಶಾಲೆಗೆ ಹೋದರು. ಅಲ್ಲಿ ಕೇಳಿದ್ದಕ್ಕೆಲ್ಲ ಮೇದಿನಿ ಪಟಪಟನೆ ಉತ್ತರ ಕೊಟ್ಟಳು.

"ಇಷ್ಟು ಜಾಣೆ ಇದಾಳೆ, ಇಲ್ಲಿ ಹಾಕಿ ಹಾಳು ಮಾಡ್ಬೇಡಿ," ಎಂದರು ಅಲ್ಲಿಯವರು.

ಅಂಥದೇ ಇನ್ನೊಂದು ಶಾಲೆಯಲ್ಲಿ ಟೀಚರ್ ಮೆಲ್ಲಗೆ ಕೇಳಿದರು, "ಏಳೆಂಟ್ಲ ಎಷ್ಟು ಪುಟ್ಟಾ?"

ಮೇದಿನಿ ತಲೆ ತಗ್ಗಿಸಿದಳು. "ಗೊತ್ತಿಲ್ಲ ಮಿಸ್."

ಸೀಟು ಸಿಕ್ಕಿತು. ಗೇಟಿನ ಹೊರಗೆ ಬಂದ ಮೇಲೆ ಅಮ್ಮ ಕೇಳಿದಳು, "ನಿಂಗೆ ಗೊತ್ತಿತ್ತಲ್ಲ ಮಗಳೇ, ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇವ್ರೂ ಬೇಡ ಅಂತಿದ್ರು ಅಮ್ಮ."