ಮುಷ್ಟಿ ಹಿಟ್ಟಿನ ಗಡಿಗೆ

ಗಿರಣಿಯಿಂದ ತಂದ ಜೋಳದ ಹಿಟ್ಟಿನ ಬಿಸಿ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಗಡಹಿಂಗ್ಲಜದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ದಿನಾ ರೊಟ್ಟಿ ಬಡಿಯುವ ಮುಂಚೆ ಒಂದು ಮುಷ್ಟಿ ಹಿಟ್ಟು ತೆಗೆದು ಸಣ್ಣ ಗಡಿಗೆಗೆ ಹಾಕುತ್ತಿದ್ದಳು. ಅದು ದೇವರ ಪಾಲು. ರವಿವಾರ ಅದನ್ನು ಚರ್ಚಿಗೆ ಒಯ್ಯುವ ಕೆಲಸ ನನ್ನದು; ನನಗೆ ಅದರ ಜಂಬ ಭಾಳ.

ಒಂದು ಶನಿವಾರ ಪಕ್ಕದ ಮನೆಯ ಗೌರವ್ವನ ಒಲೆ ಹೊತ್ತಿರಲಿಲ್ಲ. ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಿದ್ದ ಅವಳ ಗಂಡ ಜ್ವರ ಹಿಡಿದು ಊರಿಗೆ ಬಂದು ಮಲಗಿದ್ದ. ಅವ್ವ ಗಡಿಗೆ ಎತ್ತಿಕೊಂಡು ಹೋಗಿ ಹಿಟ್ಟನ್ನೆಲ್ಲ ಅವಳ ಹಿಟ್ಟು ನಾದುವ ಪರಾತಕ್ಕೆ ಸುರುವಿ ಬಂದಳು.

"ಯವ್ವಾ, ಅದು ದೇವರದಲ್ಲೇನು?" ಅಂದೆ. ನನಗೆ ಅಳುವೇ ಬಂದಿತ್ತು.

"ಹೌದು. ಅದಕ್ಕ ಕೊಟ್ಟೇನಿ," ಅಂದಳು.

ಮರುದಿನ ನಾನು ತಲೆ ತಗ್ಗಿಸಿಕೊಂಡು ಬರಿಗೈಲೆ ಚರ್ಚಿಗೆ ಹೋದೆ.

ತಿಂಗಳ ಮೇಲೆ ಒಂದು ಮಧ್ಯಾಹ್ನ, ಹಣೆ ತುಂಬ ವಿಭೂತಿ ಹಚ್ಚಿಕೊಂಡ ಗೌರವ್ವ ಸೆರಗಿನಲ್ಲಿ ಹಿಟ್ಟು ಕಟ್ಟಿಕೊಂಡು ಬಂದಳು.

"ತಿರುಗಿ ಕೊಡೂದೇನೂ ಬ್ಯಾಡ, ಗೌರವ್ವಾ," ಅಂದಳು ಅವ್ವ.

"ನಿಮಗಲ್ಲರಿ ಅಕ್ಕಾರ. ನಾನೂ ದಿನಾ ಒಂದು ಮುಷ್ಟಿ ತಗದಿಟ್ಟೇನಿ. ಮುಂದ ಯಾರ ಒಲಿ ಹೊತ್ತೂದಿಲ್ಲೋ, ಅವರಿಗಿ."

ನಮ್ಮ ಗಡಿಗೆ ಆಗಲೇ ಕಂಠದವರೆಗೆ ತುಂಬಿತ್ತು. ಅವ್ವ ಅದನ್ನು ನೆಲಕ್ಕೆ ಎರಡು ಸಲ ಮೆಲ್ಲಗೆ ಕುಟ್ಟಿ ಗೌರವ್ವನ ಹಿಟ್ಟಿಗೆ ಜಾಗ ಮಾಡಿದಳು.