ಅಡವಿಡದ ಹಾಸಿಗೆ

ಪೆನ್ನಿನ ಮೊನೆ ಕಾಗದವನ್ನು ಮುಟ್ಟುವಷ್ಟರಲ್ಲಿ ಹೆಂಡತಿ ಅದಕ್ಕೆ ಮುಚ್ಚಳ ತೊಡಿಸಿಬಿಟ್ಟಳು. ಹಾಸಿಗೆ ಹೊಲಿಯುವವನ ಒರಟು ಕೈ ಬ್ಯಾಂಕಿನ ಮೇಜಿನ ಮೇಲೆ ಹಾಗೆಯೇ ತಡೆದು ನಿಂತಿತು. ಬಾಡಿಗೆಗೆ ಕೊಡಲೆಂದು ಕೊಳ್ಳಲಿದ್ದ ಪುಟ್ಟ ಮನೆಗಾಗಿ ಎರಡು ಬಗೆಯ ಸಾಲಗಳು ಅವನ ಮುಂದಿದ್ದವು. ಒಂದಕ್ಕೆ ಬಡ್ಡಿ ತುಸು ಹೆಚ್ಚು, ಆದರೆ ಆ ಹೊಸ ಮನೆಯೊಂದನ್ನೇ ಅಡವಿಟ್ಟರೆ ಸಾಕು. ಇನ್ನೊಂದಕ್ಕೆ ಬಡ್ಡಿ ಕಡಿಮೆ, ಆದರೆ ತಾವು ಬಾಳುತ್ತಿರುವ ಮನೆಯನ್ನೂ ಅಡವಿಡಬೇಕು. ಅವನ ಮನಸ್ಸು ಒಲಿದದ್ದು ಕಡಿಮೆ ಬಡ್ಡಿಗೆ.

“ಬಡ್ಡಿ ಉಳಿಯುತ್ತೆ ಕಣೇ,” ಎಂದು ಅವನು ಪಿಸುಗುಟ್ಟಿದ.

“ಉಳಿಯುತ್ತೆ, ಯಾರು ಇಲ್ಲ ಅಂದ್ರು? ಬಾಡಿಗೆಗೆ ಯಾರೂ ಬರ್ದೆ ಕಂತು ತಪ್ಪಿದ್ರೆ, ನಾವು ಮಲಗೋದೆಲ್ಲಿ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀವು ಹಾಸಿಗೇನೇ ಅಡ ಇಡೋಕೆ ಹೊರಟ್ರಲ್ರೀ!”

ಎದುರಿಗಿದ್ದ ಅಧಿಕಾರಿ ನಕ್ಕುಬಿಟ್ಟರು. ಅವನಿಗೂ ನಗು ತಡೆಯಲಾಗಲಿಲ್ಲ. ಊರಿಗೆಲ್ಲ ಹಾಸಿಗೆ ಹೊಲಿದುಕೊಟ್ಟವನಿಗೆ ಆ ಗಾದೆ ಇಷ್ಟು ದಿನ ಕಿವಿಗೆ ಬಿದ್ದಿತ್ತೇ ಹೊರತು ಎದೆಗೆ ಇಳಿದಿರಲಿಲ್ಲ. ಅವನು ತಲೆಯೆತ್ತಿ, ಹೊಸಬಳೊಬ್ಬಳನ್ನು ಕಾಣುವವನಂತೆ ಹೆಂಡತಿಯನ್ನು ಕಣ್ತುಂಬ ನೋಡಿದ. ಆಮೇಲೆ ಕೈಕೆಳಗಿದ್ದ ಕಾಗದವನ್ನು ಸರಿಸಿ, ಹೆಚ್ಚು ಬಡ್ಡಿಯ ಸಾಲದ ಅರ್ಜಿಯನ್ನು ಎಳೆದುಕೊಂಡ. ಪೆನ್ನಿನ ಮುಚ್ಚಳ ತೆಗೆದ. ಆದರೆ ತಾನು ಬರೆಯಲಿಲ್ಲ. ಅರ್ಜಿಯನ್ನೂ ಪೆನ್ನನ್ನೂ ಅವಳ ಕಡೆಗೆ ತಿರುಗಿಸಿಟ್ಟ.

“ಸಾರ್, ಮೇಲ್ಗಡೆ ಇವಳ ಹೆಸರಿರ್ಲಿ,” ಎಂದ. “ನಂದು ಕೆಳಗಡೆ ಇದ್ರೆ ಸಾಕು.”