ತಂಗಿಯ ಗಂಧಕದ ಗುಳಿಗೆ

ಅಂಗಡಿಯಲ್ಲಿ ಗಂಧಕದ ಹಳದಿ ಹೆಂಟೆ ಕಂಡರೆ ಹರಿಹರದ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ತಂಗಿಗೆ ಮೈತುಂಬ ಕಜ್ಜಿಯಾಗಿತ್ತು. ಅಜ್ಜಿ ಎಣ್ಣೆಯಲ್ಲಿ ಗಂಧಕ ಕಾಸಿ ಹಚ್ಚಿದರೂ ಹೋಗಲಿಲ್ಲ. ಅವ್ವ ದಾವಣಗೆರೆಯ ಹೋಮಿಯೋಪಥಿ ಡಾಕ್ಟರರಿಂದ ಬಿಳಿ ಗುಳಿಗೆ ತಂದಳು.

"ಇದ್ರಾಗೂ ಗಂಧಕನೇ ಐತಂತೆ. ದಿನಾ ನೀನೇ ಹಾಕು. ಆಕಿ ಉಳ್ಳಾಗಡ್ಡಿ ಮುಟ್ಟಬಾರ್ದು, ತಿಂದ್ರ ಗುಳಿಗಿ ಹತ್ತಂಗಿಲ್ಲಂತೆ," ಎಂದು ನನಗೆ ಹೇಳಿ ಕೂಲಿಗೆ ಹೋದಳು.

ಗುಳಿಗೆ ಬರೀ ಸಿಹಿ. ತಂಗಿ ಕಣ್ಣು ಮುಚ್ಚಿ ನಾಲಿಗೆ ಚಾಚಿದರೆ ನಾನು ಸಕ್ಕರೆ ಹಾಕಿ, ಗುಳಿಗೆ ನಾನೇ ತಿನ್ನುತ್ತಿದ್ದೆ.

ಕಜ್ಜಿ ಹೆಚ್ಚಾಯಿತು. ಆ ಮಧ್ಯಾಹ್ನ ಅವ್ವ ತಂಗಿಯನ್ನು ಕೇಳಿದಳು, "ಕದ್ದು ಉಳ್ಳಾಗಡ್ಡಿ ತಿಂದಿಯೇನು?"

"ಇಲ್ಲವ್ವ. ಅಣ್ಣನ್ನ ಕೇಳು."

"ತಿಂದಾಳ," ಎಂದೆ.

ಅವ್ವ ಹೊಡೆದಳು. ತಂಗಿ ಬಾಗಿಲ ಬಳಿ ಒಬ್ಬಳೇ ಕೂತು ಮೈ ಕೆರೆದುಕೊಂಡಳು.

ಈಗಲೂ ನಮ್ಮ ಮನೆಗೆ ಬಂದರೆ ತಟ್ಟೆಯಲ್ಲಿನ ಉಳ್ಳಾಗಡ್ಡಿ ಆರಿಸಿ ಬದಿಗಿಡುತ್ತಾಳೆ.